ಊರಿನ ಹೆಸರು ಹೊತ್ತು ನಡೆದವರು

ಚೆನ್ನೈಗೆ ಬಂದ ಹೊಸತರಲ್ಲಿ ಆಫೀಸಿನ ಫಾರ್ಮಿನಲ್ಲಿ ‘ಸರ್‌ನೇಮ್’ ಕಡ್ಡಾಯವಾಗಿತ್ತು. ನನಗಿದ್ದದ್ದು ‘ಟಿ’ ಎಂಬ ಇನಿಷಿಯಲ್ ಮಾತ್ರ. ಅದನ್ನೇ ಬಿಡಿಸಿ ಬರೆದೆ. ಅಂದಿನಿಂದ ಇಲ್ಲಿ ನಾನು ‘ಮಿಸ್ಟರ್ ತುರುವೇಕೆರೆ’! ಸಹೋದ್ಯೋಗಿಗಳಿಗೆ ತಮಾಷೆ. ಆದರೆ ಇಂಗ್ಲೆಂಡಿನ ಎಷ್ಟೋ ಮನೆತನದ ಹೆಸರುಗಳು ಬಂದದ್ದೂ ಊರಿನಿಂದಲೇ. ವಾಷಿಂಗ್ಟನ್ ಎಂಬ ಹೆಸರನ್ನೇ ನೋಡಿ.

ವಾಷಿಂಗ್ಟನ್ ಈಶಾನ್ಯ ಇಂಗ್ಲೆಂಡಿನ ಹಳೆಯ ಊರು. 12ನೇ ಶತಮಾನದಲ್ಲಿ ವಿಲಿಯಂ ಡಿ ಹರ್ಟ್‌ಬರ್ನ್ ಎಂಬಾತ ಹರ್ಟ್‌ಬರ್ನ್‌ನ ಜಮೀನು ಬಿಟ್ಟುಕೊಟ್ಟು ಇಲ್ಲಿ ಜಮೀನು ಪಡೆದ. ಊರಿನೊಂದಿಗೆ ಹೆಸರೂ ಬದಲಾಗಿ ‘ವಿಲಿಯಂ ಡಿ ವೆಸಿಂಗ್ಟನ್’ ಆದ. ಆಗ ಅದು ವಿಳಾಸವಿದ್ದಂತೆ. ಬರಬರುತ್ತಾ ಮನೆತನದ ಹೆಸರಾಗಿ ನಿಂತಿತು. ಆ ವಂಶದ ಜಾನ್ ವಾಷಿಂಗ್ಟನ್ 17ನೇ ಶತಮಾನದಲ್ಲಿ ಅಮೆರಿಕದ ವರ್ಜೀನಿಯಾ ಸೇರಿದ. ಅವನ ಮರಿಮಗನೇ ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್. ಊರಿನಿಂದ ಬಂದ ಹೆಸರು ಅವರ ಮೂಲಕ ಮತ್ತೆ ಊರಿಗೇ ಹೋಯಿತು: ದೇಶದ ರಾಜಧಾನಿಗೆ, ಒಂದು ರಾಜ್ಯಕ್ಕೆ.

ಜಾರ್ಜ್‌ಗೆ ಸ್ವಂತ ಮಕ್ಕಳಿರಲಿಲ್ಲ. ಆದರೂ 2000ದ ಜನಗಣತಿಯ ಪ್ರಕಾರ ಅಮೆರಿಕದಲ್ಲಿ ಈ ಹೆಸರಿನವರು ಒಂದೂವರೆ ಲಕ್ಷಕ್ಕೂ ಹೆಚ್ಚು. ಅವರಲ್ಲಿ ಶೇ 90ರಷ್ಟು ಕಪ್ಪು ಜನ. ಗುಲಾಮಗಿರಿಯಿಂದ ಬಿಡುಗಡೆಯಾದ ಅನೇಕರು ಇದನ್ನು ತಮ್ಮದಾಗಿಸಿಕೊಂಡಿದ್ದರು. ಗುಲಾಮಗಿರಿಯಲ್ಲಿ ಹುಟ್ಟಿ ಮುಂದೆ ಹೆಸರಾಂತ ಶಿಕ್ಷಣತಜ್ಞನಾದ ಬುಕರ್ ಟಿ. ವಾಷಿಂಗ್ಟನ್ ಶಾಲೆಗೆ ಸೇರಿದ ದಿನ, ಉಳಿದ ಮಕ್ಕಳಿಗೆಲ್ಲ ಎರಡೆರಡು ಹೆಸರಿರುವುದನ್ನು ಕಂಡ. ಮೇಷ್ಟ್ರು ಕೇಳಿದಾಗ ತಡವರಿಸದೆ ‘ಬುಕರ್ ವಾಷಿಂಗ್ಟನ್’ ಅಂದುಬಿಟ್ಟ. ಅವನ ಮಲತಂದೆಯ ಮೊದಲ ಹೆಸರೂ ವಾಷಿಂಗ್ಟನ್ನೇ!

ನಮ್ಮ ಚೆನ್ನೈಗೂ ಈ ಹೆಸರು ಬಂದಿದೆ. ಕ್ರಿಕೆಟಿಗ ವಾಷಿಂಗ್ಟನ್ ಸುಂದರ್ ಅವರ ತಂದೆಗೆ ಬಡತನದ ದಿನಗಳಲ್ಲಿ ಫೀಸು ಕಟ್ಟಿ, ಪುಸ್ತಕ ಕೊಡಿಸಿ, ಕ್ರಿಕೆಟ್‌ಗೆ ಹುರಿದುಂಬಿಸಿದವರು ವಾಷಿಂಗ್ಟನ್ ಎಂಬ ಮಾಜಿ ಸೈನಿಕರು. ಆ ಋಣಕ್ಕೆ ಮಗನಿಗೆ ಅವರ ಹೆಸರಿಟ್ಟರು. ಅಲ್ಲಿ ಊರಿನ ಹೆಸರು, ಇಲ್ಲಿ ಕೃತಜ್ಞತೆ.

ನಮ್ಮಲ್ಲೂ ಊರಿಗೆ ಹೆಸರಲ್ಲಿ ಜಾಗವಿದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಹೆಸರಿನಿಂದಲೇ ‘ಕುವೆಂಪು’ ಬಂದದ್ದು. ಮೊದಲ ‘ಕು’ ಊರಿನದೇ. ಮೊನ್ನೆ ಮಗಳ ಶಾಲೆಯ ಫಾರ್ಮು ತುಂಬುವಾಗ ಮತ್ತದೇ ಪ್ರಶ್ನೆ ಬಂತು. ತಮಿಳುನಾಡಿನ ರೂಢಿಯಂತೆ ಅಪ್ಪನ ಹೆಸರಿನ ಮೊದಲಕ್ಷರ ಹಾಕಿದ್ದರೆ ಸಾಕಿತ್ತು. ತುರುವೇಕೆರೆಯನ್ನು ಅವಳು ನೋಡಿರುವುದು ಬೇಸಿಗೆ ರಜೆಯಲ್ಲಿ ಮಾತ್ರ. ಆದರೂ ಊರಿನ ಹೆಸರನ್ನೇ ಪೂರ್ತಿ ಬರೆದೆ. “ಅಪ್ಪಾ, ಇಷ್ಟುದ್ದ ಯಾಕೆ?” ಅಂದಳು. “ಮುಂದೆ ಯಾವ ದೇಶಕ್ಕೆ ಹೋದರೂ ಯಾರಾದರೂ ಇದೇನೆಂದು ಕೇಳುತ್ತಾರೆ ಮಗಳೇ. ಆಗ ಊರಿನ ವಿಷಯ ಹೇಳಬಹುದು” ಅಂದೆ.