ಸೂರಿನ ಮೇಲಿನ ಆಕಾಶಮಾರ್ಗ: ವಿಮಾನದ ಸದ್ದು ಮತ್ತು ನಮ್ಮ ಆರೋಗ್ಯ

ಶಬ್ದಮಾಲಿನ್ಯವೆಂದೊಡನೆ ನಮಗೆ ನೆನಪಾಗುವುದು ರಸ್ತೆಯ ವಾಹನಗಳು, ಉತ್ಸವಗಳ ಧ್ವನಿವರ್ಧಕಗಳು, ದೀಪಾವಳಿಯ ಪಟಾಕಿಗಳು. ಇವೆಲ್ಲ ನೆಲದ ಮೇಲಿನ ಸದ್ದುಗಳು. ಗೋಡೆ ಎತ್ತರಿಸಿಯೋ, ಹಿಂದಿನ ಕೋಣೆಗೆ ಸರಿದೋ ಇವುಗಳಿಂದ ಒಂದಿಷ್ಟು ಪಾರಾಗಬಹುದು. ವಿಮಾನದ ಸದ್ದು ಹಾಗಲ್ಲ. ಅದು ಮೇಲಿನಿಂದ ಇಳಿದು ಮನೆಯ ಮುಂದನ್ನೂ ಹಿಂದನ್ನೂ ಒಮ್ಮೆಗೇ ತುಂಬುತ್ತದೆ. ವಿಮಾನ ನಿಲ್ದಾಣದ ಪಕ್ಕದಲ್ಲಿ ಮನೆ ಮಾಡಿದವರು ಇದನ್ನು ತಿಳಿದೇ ಬಂದವರೆಂದು ಹೇಳುವುದುಂಟು. ಆದರೆ ನಿಲ್ದಾಣದಿಂದ ಬಹುದೂರದಲ್ಲಿ, ಶಾಂತವಾದ ಬಡಾವಣೆಯೆಂದು ನಂಬಿ ದಶಕಗಳಿಂದ ನೆಲೆಸಿದವರ ಸೂರಿನ ಮೇಲೆಯೇ ಒಂದು ಬೆಳಗ್ಗೆ ವಿಮಾನಗಳ ಸಾಲು ಆರಂಭವಾದರೆ ಅವರೇನು ಮಾಡಬೇಕು? ಹಾರಾಟದ ಮಾರ್ಗಗಳನ್ನು ಬದಲಿಸಿದಾಗ ಜಗತ್ತಿನ ಹಲವು ನಗರಗಳಲ್ಲಿ ಈ ಪ್ರಶ್ನೆ ಎದ್ದಿದೆ. ಮೇಲುನೋಟಕ್ಕೆ ಇದು ಸಾರಿಗೆಯ ವಿಷಯವಾಗಿ ಕಂಡರೂ ಆಳದಲ್ಲಿ ನಿದ್ರೆ, ಹೃದಯ ಮತ್ತು ಮಕ್ಕಳ ಕಲಿಕೆಗೆ ಸಂಬಂಧಿಸಿದ ಆರೋಗ್ಯದ ವಿಷಯವಾಗಿದೆ.

ಫೀನಿಕ್ಸ್ ನಗರದ ಪ್ರಕರಣ

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ 2014ರ ಸೆಪ್ಟೆಂಬರ್ 18ರಂದು ವಿಮಾನಗಳು ಮೇಲೇರುವ ಮಾರ್ಗಗಳು ಬದಲಾದವು. ಉಪಗ್ರಹಗಳ ನೆರವಿನಿಂದ ವಿಮಾನಗಳನ್ನು ನಡೆಸುವ ಹೊಸ ವ್ಯವಸ್ಥೆಯ ಅಂಗವಾಗಿ ಆ ದೇಶದ ಫೆಡರಲ್ ವಿಮಾನಯಾನ ಆಡಳಿತ ಸಂಸ್ಥೆಯು ಈ ಬದಲಾವಣೆಯನ್ನು ಜಾರಿಗೆ ತಂದಿತು. ಇಂಧನ ಉಳಿಯುತ್ತದೆ, ಸಮಯ ಉಳಿಯುತ್ತದೆ, ಹಾರಾಟ ಹೆಚ್ಚು ಕರಾರುವಾಕ್ಕಾಗುತ್ತದೆ ಎಂಬುದು ಇದರ ಹಿಂದಿನ ಉದ್ದೇಶ. ಆ ಪ್ರಯೋಜನಗಳು ಸುಳ್ಳಲ್ಲ. ಆದರೆ ಅದೇ ಕರಾರುವಾಕ್ಕುತನವೇ ಕೆಳಗಿನ ಜನರಿಗೆ ಹೊರೆಯಾಯಿತು.

ಹಳೆಯ ಪದ್ಧತಿಯಲ್ಲಿ ನೆಲದ ಮೇಲಿನ ನಿಯಂತ್ರಕರು ಪ್ರತಿ ವಿಮಾನಕ್ಕೂ ದಿಕ್ಕನ್ನು ಸೂಚಿಸುತ್ತಿದ್ದರು. ಒಂದು ವಿಮಾನ ತುಸು ಎಡಕ್ಕೆ, ಇನ್ನೊಂದು ತುಸು ಬಲಕ್ಕೆ ಹೋಗುತ್ತಿತ್ತು. ಸದ್ದು ವಿಶಾಲವಾದ ಪ್ರದೇಶದ ಮೇಲೆ ಹಂಚಿಹೋಗುತ್ತಿತ್ತು. ಉಪಗ್ರಹ ಆಧಾರಿತ ಪದ್ಧತಿಯಲ್ಲಿ ಎಲ್ಲ ವಿಮಾನಗಳೂ ಹಳಿಯ ಮೇಲೆ ಸಾಗುವ ರೈಲಿನಂತೆ ಒಂದೇ ಕಿರಿದಾದ ರೇಖೆಯಲ್ಲಿ ಹಾರುತ್ತವೆ. ಆ ರೇಖೆಯ ಹೊರಗಿರುವವರಿಗೆ ನೆಮ್ಮದಿ. ರೇಖೆಯ ಕೆಳಗಿರುವವರಿಗೆ ಮೊದಲು ಹತ್ತು ಬಡಾವಣೆಗಳು ಹಂಚಿಕೊಳ್ಳುತ್ತಿದ್ದ ಸದ್ದಿನ ಪೂರ್ಣ ಪಾಲು.

ಫೀನಿಕ್ಸ್‌ನಲ್ಲಿ ಆ ರೇಖೆ ಐತಿಹಾಸಿಕ ವಸತಿ ಪ್ರದೇಶಗಳ ಮೇಲೆ ಹಾದುಹೋಯಿತು. ಹೊಸ ಮಾರ್ಗ ಜಾರಿಗೆ ಬಂದ ಮೊದಲ ಎರಡೇ ವಾರಗಳಲ್ಲಿ, ಅದರ ಹಿಂದಿನ ಇಡೀ ವರ್ಷದಲ್ಲಿ ಬಂದುದಕ್ಕಿಂತ ಹೆಚ್ಚು ಶಬ್ದದ ದೂರುಗಳು ಬಂದವು. ನಗರಾಡಳಿತವೂ ನಿವಾಸಿಗಳೂ ನ್ಯಾಯಾಲಯದ ಮೊರೆಹೋದರು. 2017ರ ಆಗಸ್ಟ್ 29ರಂದು ಕೊಲಂಬಿಯಾ ಜಿಲ್ಲೆಯ ಮೇಲ್ಮನವಿ ನ್ಯಾಯಾಲಯವು ಆಡಳಿತ ಸಂಸ್ಥೆಯ ಕ್ರಮ ಸ್ವೇಚ್ಛೆಯದೆಂದು ತೀರ್ಪಿತ್ತಿತು. ನಗರದ ಕೆಳಹಂತದ ಕೆಲವು ಸಿಬ್ಬಂದಿಯೊಡನೆ ಮಾತನಾಡಿದ್ದನ್ನೇ ಸಮಾಲೋಚನೆಯೆಂದು ಪರಿಗಣಿಸಲಾಗದು ಎಂಬುದು ನ್ಯಾಯಾಲಯದ ಆಕ್ಷೇಪಗಳಲ್ಲೊಂದು. 2018ರಲ್ಲಿ ಪಶ್ಚಿಮ ದಿಕ್ಕಿನ ಮಾರ್ಗಗಳನ್ನು ಹಿಂದಿನ ಸ್ವರೂಪಕ್ಕೆ ಹತ್ತಿರವಾಗುವಂತೆ ಮರಳಿ ಬದಲಿಸಲಾಯಿತು. ಮೂರು ವರ್ಷಗಳಿಗೂ ಮೀರಿ ಆ ಮನೆಗಳವರು ಕಳೆದುಕೊಂಡ ನಿದ್ರೆಯನ್ನು ಮಾತ್ರ ಯಾವ ತೀರ್ಪೂ ಮರಳಿಸಲಾರದು.

ದೇಹ ಮಲಗಿದರೂ ಕಿವಿ ಮಲಗದು

ಕಣ್ಣಿಗೆ ರೆಪ್ಪೆಯಿದೆ, ಕಿವಿಗೆ ಇಲ್ಲ. ನಾವು ಗಾಢವಾಗಿ ನಿದ್ರಿಸುತ್ತಿರುವಾಗಲೂ ಕಿವಿ ಕೇಳುತ್ತಲೇ ಇರುತ್ತದೆ, ಮಿದುಳು ಆ ಸದ್ದಿನಲ್ಲಿ ಅಪಾಯವಿದೆಯೇ ಎಂದು ತೂಗುತ್ತಲೇ ಇರುತ್ತದೆ. ಕಾಡಿನಲ್ಲಿ ಬಾಳಿದ ಪೂರ್ವಿಕರಿಗೆ ಇದು ಪ್ರಾಣ ಕಾಯುವ ಗುಣವಾಗಿತ್ತು. ಇಂದು ಅದೇ ಗುಣ, ಪ್ರತಿ ವಿಮಾನ ಹಾದುಹೋದಾಗಲೂ, ದೇಹವನ್ನು ಇಲ್ಲದ ಶತ್ರುವಿನ ವಿರುದ್ಧ ಸಜ್ಜುಗೊಳಿಸುತ್ತದೆ. ಅಡ್ರಿನಲಿನ್, ಕಾರ್ಟಿಸೋಲ್ ಮೊದಲಾದ ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ, ಎದೆಬಡಿತ ಚುರುಕಾಗುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ಮಲಗಿದವರಿಗೆ ಎಚ್ಚರವಾದ ನೆನಪೂ ಇರಲಾರದು. ಆದರೆ ಗಾಢನಿದ್ರೆ ತುಂಡಾಗಿರುತ್ತದೆ.

ಯುರೋಪಿನ ನಾಲ್ಕು ವಿಮಾನ ನಿಲ್ದಾಣಗಳ ಸಮೀಪ ವಾಸಿಸುವ 140 ಜನರ ರಕ್ತದೊತ್ತಡವನ್ನು ಅವರು ತಮ್ಮ ಮನೆಯಲ್ಲೇ ಮಲಗಿದ್ದಾಗ ರಾತ್ರಿಯಿಡೀ ಅಳೆದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ವಿಮಾನ ಹಾದುಹೋದ ಹೊತ್ತಿನಲ್ಲಿ ಮೇಲಿನ ಒತ್ತಡ ಸರಾಸರಿ 6 ಅಂಕಗಳಷ್ಟು, ಕೆಳಗಿನ ಒತ್ತಡ 7 ಅಂಕಗಳಷ್ಟು ಏರುತ್ತಿದ್ದುದು ಅದರಲ್ಲಿ ಕಂಡುಬಂದಿತು. ಜರ್ಮನಿಯ ಮೈಂಜ್ ನಗರದ ವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 75 ಜನ ಆರೋಗ್ಯವಂತ ಯುವಕ ಯುವತಿಯರಿಗೆ ರಾತ್ರಿ ಮಲಗಿದ್ದಾಗ ವಿಮಾನಗಳ ಧ್ವನಿಮುದ್ರಣವನ್ನು ಕೇಳಿಸಲಾಗಿತ್ತು. ಬೆಳಗಾಗುವಷ್ಟರಲ್ಲಿ ಅವರ ರಕ್ತನಾಳಗಳು ಹಿಗ್ಗುವ ಸಾಮರ್ಥ್ಯ ಕುಗ್ಗಿತ್ತು, ಅಡ್ರಿನಲಿನ್ ಏರಿತ್ತು. ಒಂದು ರಾತ್ರಿಯ ಬದಲಾವಣೆ ಮರುದಿನ ಸರಿಹೋಗಬಹುದು. ಆದರೆ ಅದು ವರ್ಷಗಳ ಕಾಲ ಮರುಕಳಿಸಿದರೆ ರೋಗಕ್ಕೆ ದಾರಿಯಾಗುತ್ತದೆ ಎಂಬುದೇ ವೈದ್ಯರ ಕಳವಳ.

ಲಂಡನ್ನಿನ ಹೀಥ್ರೂ ನಿಲ್ದಾಣದ ಸುತ್ತಲಿನ 36 ಲಕ್ಷ ಜನರ ಪ್ರದೇಶವನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವು, ಹೆಚ್ಚು ಸದ್ದಿರುವ ಭಾಗಗಳಲ್ಲಿ ಪಾರ್ಶ್ವವಾಯು ಮತ್ತು ಹೃದ್ರೋಗದ ಪ್ರಮಾಣ ಅಧಿಕವಾಗಿರುವುದನ್ನು ತೋರಿಸಿತು. ಇಂತಹ ಅಧ್ಯಯನಗಳು ಸಂಬಂಧವನ್ನು ತೋರಿಸುತ್ತವೆಯೇ ಹೊರತು ಸದ್ದೊಂದೇ ಕಾರಣವೆಂದು ಸಾಧಿಸುವುದಿಲ್ಲ. ಆಹಾರ, ಧೂಮಪಾನ, ಬಡತನ, ಗಾಳಿಯ ಮಾಲಿನ್ಯಗಳೂ ಜೊತೆಗಿರುತ್ತವೆ. ಆದರೂ ಪ್ರಯೋಗಾಲಯದ ಫಲಿತಾಂಶ, ಮನೆಯಲ್ಲಿ ಅಳೆದ ರಕ್ತದೊತ್ತಡ, ಊರಿನ ಒಟ್ಟು ಅಂಕಿಅಂಶ ಈ ಮೂರೂ ಒಂದೇ ದಿಕ್ಕನ್ನು ತೋರಿಸಿದಾಗ ಅದನ್ನು ಕಡೆಗಣಿಸುವುದು ವಿವೇಕವಲ್ಲ.

"ಕೆಲವು ತಿಂಗಳು ಕಳೆದರೆ ಅಭ್ಯಾಸವಾಗುತ್ತದೆ" ಎಂಬ ಸಮಾಧಾನದ ಮಾತನ್ನು ಎಲ್ಲೆಡೆ ಕೇಳುತ್ತೇವೆ. ಮನಸ್ಸಿಗೆ ಅಭ್ಯಾಸವಾಗುವುದು ನಿಜ. ಹೃದಯ ಮತ್ತು ರಕ್ತನಾಳಗಳ ಪ್ರತಿಕ್ರಿಯೆ ಮಾತ್ರ ಪೂರ್ಣವಾಗಿ ನಿಲ್ಲುವುದಿಲ್ಲ. "ನನಗೇನೂ ತೊಂದರೆಯಿಲ್ಲ" ಎನ್ನುವವರ ದೇಹವೂ ಸದ್ದಿಗೆ ಓಗೊಡುತ್ತಲೇ ಇರುತ್ತದೆ.

ಮಕ್ಕಳ ಓದಿನ ಮೇಲೆ ಬಿದ್ದ ನೆರಳು

ಜರ್ಮನಿಯ ಮ್ಯೂನಿಕ್ ನಗರದ ಹಳೆಯ ವಿಮಾನ ನಿಲ್ದಾಣ 1992ರ ಮೇ ತಿಂಗಳಲ್ಲಿ ಮುಚ್ಚಿತು. ಅದೇ ವೇಳೆಗೆ ಬೇರೊಂದು ಸ್ಥಳದಲ್ಲಿ ಹೊಸ ನಿಲ್ದಾಣ ತೆರೆಯಿತು. ಈ ಸ್ಥಳಾಂತರವನ್ನು ಮೊದಲೇ ತಿಳಿದಿದ್ದ ಸಂಶೋಧಕರು ಎರಡೂ ಕಡೆಯ ಶಾಲಾಮಕ್ಕಳನ್ನು ಸ್ಥಳಾಂತರಕ್ಕೆ ಮುಂಚೆ ಒಮ್ಮೆ, ಆನಂತರ ಎರಡು ಬಾರಿ ಪರೀಕ್ಷಿಸಿದರು. ಒಟ್ಟು 326 ಮಕ್ಕಳು. ವಯಸ್ಸು ಸುಮಾರು ಹತ್ತು ವರ್ಷ.

ಹೊಸ ನಿಲ್ದಾಣದ ಬಳಿಯ ಮಕ್ಕಳಲ್ಲಿ ಓದುವ ಸಾಮರ್ಥ್ಯ ಮತ್ತು ದೀರ್ಘಕಾಲದ ಸ್ಮರಣೆ ಕುಂದಿದವು. ಅವರ ರಕ್ತದೊತ್ತಡವೂ ಒತ್ತಡದ ಹಾರ್ಮೋನುಗಳೂ ಏರಿದ್ದವು. ಹಳೆಯ ನಿಲ್ದಾಣದ ಬಳಿಯ ಮಕ್ಕಳಲ್ಲಿ ಮೊದಲು ಇದ್ದ ಕೊರತೆ ಸದ್ದು ನಿಂತ ಮೇಲೆ ಸುಧಾರಿಸಿತು. ಸದ್ದು ಹೋದೆಡೆಗೆ ಹಾನಿಯೂ ಹೋಯಿತು; ಸದ್ದು ನಿಂತೆಡೆ ಮಕ್ಕಳು ಚೇತರಿಸಿಕೊಂಡರು. ವಿಮಾನದ ಸದ್ದಿಗೂ ಮಕ್ಕಳ ಕಲಿಕೆಗೂ ಇರುವ ನಂಟನ್ನು ಇಷ್ಟು ನೇರವಾಗಿ ತೋರಿಸಿದ ಅಧ್ಯಯನ ವಿರಳ.

ಆನಂತರ ಬ್ರಿಟನ್, ನೆದರ್‌ಲೆಂಡ್ಸ್ ಮತ್ತು ಸ್ಪೇನ್ ದೇಶಗಳ 89 ಶಾಲೆಗಳ 2,844 ಮಕ್ಕಳನ್ನು ಒಳಗೊಂಡ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ವಿಮಾನದ ಸದ್ದು 5 ಡೆಸಿಬೆಲ್ ಏರಿದರೆ ಬ್ರಿಟನ್ನಿನ ಮಕ್ಕಳ ಓದಿನ ಪ್ರಗತಿ ಎರಡು ತಿಂಗಳಷ್ಟು, ನೆದರ್‌ಲೆಂಡ್ಸ್‌ನ ಮಕ್ಕಳದು ಒಂದು ತಿಂಗಳಷ್ಟು ಹಿಂದೆ ಬೀಳುವುದೆಂದು ಅದು ಅಂದಾಜಿಸಿತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಪ್ರತಿ ಕೆಲವು ನಿಮಿಷಕ್ಕೊಮ್ಮೆ ಶಿಕ್ಷಕರು ಮಾತು ನಿಲ್ಲಿಸಬೇಕಾದ ತರಗತಿಯಲ್ಲಿ ಪಾಠದ ಎಳೆ ಕಡಿಯುತ್ತದೆ. ಮಕ್ಕಳು ಸದ್ದನ್ನು ದೂರವಿಡಲು ಕಲಿಯುವಾಗ ಅದರೊಡನೆ ಮಾತನ್ನೂ ದೂರವಿಡಲು ಕಲಿತುಬಿಡುತ್ತಾರೆ.

ಸರಾಸರಿಯೊಳಗೆ ಅಡಗುವ ಸದ್ದು

ನಿವಾಸಿಗಳು ದೂರಿದಾಗ "ಸದ್ದು ಮಿತಿಯೊಳಗೇ ಇದೆ" ಎಂಬ ಉತ್ತರ ಸಾಮಾನ್ಯವಾಗಿ ಬರುತ್ತದೆ. ಇದನ್ನು ಅರಿಯಲು ಅಳತೆಯ ಕ್ರಮವನ್ನು ತಿಳಿಯಬೇಕು. ಡೆಸಿಬೆಲ್ ಎಂಬುದು ಮೀಟರ್, ಕಿಲೋಗ್ರಾಂಗಳಂತಹ ಅಳತೆಯಲ್ಲ. 10 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಹತ್ತುಪಟ್ಟಾಗುತ್ತದೆ. ಕಿವಿಗೆ ಸುಮಾರು ಎರಡುಪಟ್ಟು ಜೋರಾಗಿ ಕೇಳುತ್ತದೆ. ಮಿತಿಗಳನ್ನು ಬಹುಮಟ್ಟಿಗೆ ಗಂಟೆಗಟ್ಟಲೆಯ ಸರಾಸರಿಯಲ್ಲಿ ನಿಗದಿಪಡಿಸುತ್ತಾರೆ.

ಒಂದು ಲೆಕ್ಕ ನೋಡೋಣ. ಎಂಟು ಗಂಟೆಯ ನಿಶ್ಶಬ್ದ ರಾತ್ರಿಯಲ್ಲಿ ಹತ್ತು ವಿಮಾನಗಳು ಹಾದುಹೋದವು. ಪ್ರತಿಯೊಂದೂ 20 ಸೆಕೆಂಡುಗಳ ಕಾಲ 70 ಡೆಸಿಬೆಲ್ ಸದ್ದು ಮಾಡಿತು ಎಂದುಕೊಳ್ಳೋಣ. ಇಡೀ ರಾತ್ರಿಯ ಸರಾಸರಿ ಸುಮಾರು 48 ಡೆಸಿಬೆಲ್ ಮಾತ್ರ. ಕಾಗದದ ಮೇಲೆ ಅದು ಸೌಮ್ಯವಾದ ಅಂಕಿ. ಹತ್ತು ಬಾರಿ ಬೆಚ್ಚಿದ ಹಸುಗೂಸಿಗೂ ಹೃದ್ರೋಗಿಗೂ ಆ ಸರಾಸರಿಯಿಂದ ಯಾವ ಸಾಂತ್ವನವೂ ಇಲ್ಲ.

ಅಮೆರಿಕದಲ್ಲಿ ಹಗಲುರಾತ್ರಿಯ ಸರಾಸರಿ 65 ಡೆಸಿಬೆಲ್ ಅನ್ನು ಗಣನೀಯ ಸದ್ದಿನ ಗಡಿಯೆಂದು ಬಹುಕಾಲದಿಂದ ಪರಿಗಣಿಸಲಾಗಿದೆ. ಆದರೆ ಅಲ್ಲಿನ ವಿಮಾನಯಾನ ಆಡಳಿತ ಸಂಸ್ಥೆಯೇ 20 ನಿಲ್ದಾಣಗಳ ಸುತ್ತ ನಡೆಸಿ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಆ ಮಟ್ಟದ ಸದ್ದಿನಲ್ಲಿ ವಾಸಿಸುವವರ ಪೈಕಿ ಸುಮಾರು ಮೂರನೇ ಎರಡು ಭಾಗದಷ್ಟು ಜನ ತೀವ್ರವಾಗಿ ಬೇಸತ್ತಿದ್ದುದು ತಿಳಿದುಬಂತು. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಯುರೋಪ್ ವಲಯಕ್ಕೆ ನೀಡಿದ ಮಾರ್ಗಸೂಚಿ ಇನ್ನೂ ಕಟ್ಟುನಿಟ್ಟು: ವಿಮಾನದ ಸದ್ದು ಇಡೀ ದಿನದ ಸರಾಸರಿಯಲ್ಲಿ 45 ಡೆಸಿಬೆಲ್ ಮೀರಬಾರದು, ರಾತ್ರಿ 40 ಡೆಸಿಬೆಲ್ ಮೀರಬಾರದು.

ನಮ್ಮ ನಾಡಿನಲ್ಲಿ

ಭಾರತದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಗಳಿಗೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯಿದೆ. ವಿಮಾನ ನಿಲ್ದಾಣಗಳ ಶಬ್ದವಲಯಕ್ಕೆ 2018ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಪ್ರತ್ಯೇಕ ಮಾನದಂಡ ಪ್ರಕಟಿಸಿತು. ಅದರಂತೆ ವಾರ್ಷಿಕ 50,000ಕ್ಕಿಂತ ಹೆಚ್ಚು ಹಾರಾಟಗಳಿರುವ ನಿಲ್ದಾಣಗಳಿಗೆ ಹಗಲು 70, ರಾತ್ರಿ 65 ಡೆಸಿಬೆಲ್. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ರಾತ್ರಿಯ ಮಟ್ಟಕ್ಕೂ ಇದಕ್ಕೂ 25 ಡೆಸಿಬೆಲ್ ಅಂತರವಿರುವುದನ್ನು ಓದುಗರು ಗಮನಿಸಬೇಕು.

ಬೆಂಗಳೂರಿನಲ್ಲಿಯೂ ಮ್ಯೂನಿಕ್ ಮಾದರಿಯ ಸ್ಥಳಾಂತರ ನಡೆದಿದೆ. 2008ರ ಮೇ ತಿಂಗಳಲ್ಲಿ ಎಚ್‌ಎಎಲ್ ನಿಲ್ದಾಣದ ಪ್ರಯಾಣಿಕ ವಿಮಾನ ಸೇವೆ ನಿಂತು ದೇವನಹಳ್ಳಿಯ ಬಳಿ ಹೊಸ ನಿಲ್ದಾಣ ಆರಂಭವಾಯಿತು. ಮುರುಗೇಶಪಾಳ್ಯ, ಮಾರತಹಳ್ಳಿಗಳ ಮೇಲಿನ ಸದ್ದು ತಗ್ಗಿತು. ದೇವನಹಳ್ಳಿ ಸುತ್ತಲಿನ ಗ್ರಾಮಗಳ ಮೇಲೆ ಏರಿತು. 2019ರ ಡಿಸೆಂಬರ್‌ನಲ್ಲಿ ಅಲ್ಲಿ ಎರಡನೇ ರನ್‌ವೇ ಬಳಕೆಗೆ ಬಂದಾಗ ಹಾರಾಟದ ಮತ್ತೊಂದು ರೇಖೆ ಸೇರಿತು. ನಗರ ಬೆಳೆದಂತೆ ಆ ರೇಖೆಗಳ ಕೆಳಗೆ ಬಡಾವಣೆಗಳೂ ಶಾಲೆಗಳೂ ಏಳುತ್ತಿವೆ. ನಿವೇಶನ ಕೊಳ್ಳುವವರು ನೀರು, ರಸ್ತೆ, ದಾಖಲೆಗಳನ್ನು ವಿಚಾರಿಸುವಂತೆಯೇ ಮೇಲಿನ ಆಕಾಶವನ್ನೂ ವಿಚಾರಿಸಬೇಕಾದ ಕಾಲವಿದು.

ನಾವು ಮಾಡಬಹುದಾದದ್ದು

ಹಾರಾಟದ ಮಾರ್ಗದಡಿ ವಾಸಿಸುವವರು ಮೊದಲು ಮಲಗುವ ಕೋಣೆಯತ್ತ ಗಮನ ಹರಿಸಬೇಕು. ಕಿಟಕಿ ಬಾಗಿಲುಗಳ ಸಂದುಗಳನ್ನು ರಬ್ಬರ್ ಪಟ್ಟಿಯಿಂದ ಮುಚ್ಚುವುದು ಕಡಿಮೆ ಖರ್ಚಿನ, ಹೆಚ್ಚು ಫಲದ ಉಪಾಯ. ಎರಡು ಪದರದ ಗಾಜಿನ ಕಿಟಕಿ ಇನ್ನೂ ಉತ್ತಮ. ದಪ್ಪ ಪರದೆಗಳಿಂದ ಸಿಗುವ ಉಪಶಮನ ಅಲ್ಪ. ತಗಡಿನ ಅಥವಾ ಹಂಚಿನ ಸೂರಿದ್ದರೆ ಅದರ ಕೆಳಗೆ ಒಳಛಾವಣಿ ಹಾಕಿಸುವುದು ಒಳ್ಳೆಯದು. ಕಿಟಕಿ ಮುಚ್ಚಿದಾಗ ಗಾಳಿಯ ಸಂಚಾರಕ್ಕೆ ಬೇರೆ ವ್ಯವಸ್ಥೆ ಇರಲೇಬೇಕು. ವಯಸ್ಕರು ಮೃದುವಾದ ಕಿವಿಬೆಣೆ ಬಳಸಬಹುದು. ಚಿಕ್ಕ ಮಕ್ಕಳಿಗೆ ಅದು ಸಲ್ಲದು.

ನಲವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ ಪರೀಕ್ಷಿಸಿಕೊಳ್ಳಬೇಕು. ನಿದ್ರೆ ಕೆಟ್ಟಿದ್ದರೆ ಸದ್ದಿನ ವಿಷಯವನ್ನು ವೈದ್ಯರಿಗೆ ತಿಳಿಸಬೇಕು. ಅವರ ಸಲಹೆಯಿಲ್ಲದೆ ನಿದ್ರೆಯ ಮಾತ್ರೆ ನುಂಗಬಾರದು. ಮಕ್ಕಳ ಓದಿಗೆ ಮನೆಯ ಅತ್ಯಂತ ಶಾಂತವಾದ ಮೂಲೆಯನ್ನು ಮೀಸಲಿಡಬೇಕು.

ಇವೆಲ್ಲ ಮನೆಯೊಳಗಿನ ಪರಿಹಾರಗಳು. ಸದ್ದಿನ ಮೂಲದಲ್ಲಿಯೇ ಪರಿಹಾರ ಸಾಧ್ಯವೆಂಬುದಕ್ಕೂ ನಿದರ್ಶನಗಳಿವೆ. ಫ್ರಾಂಕ್‌ಫರ್ಟ್‌ನಲ್ಲಿ 2011ರಿಂದ ರಾತ್ರಿ 11ರಿಂದ ಬೆಳಗಿನ 5ರವರೆಗೆ ನಿಗದಿತ ಹಾರಾಟಗಳಿಗೆ ನಿಷೇಧವಿದೆ. ಹೀಥ್ರೂದಲ್ಲಿ ಇಳಿಯುವ ವಿಮಾನಗಳ ರನ್‌ವೇಯನ್ನು ಮಧ್ಯಾಹ್ನ 3 ಗಂಟೆಗೆ ಬದಲಿಸುವ ಪದ್ಧತಿಯಿಂದ ಪಶ್ಚಿಮ ಲಂಡನ್ನಿನ ಒಂದೊಂದು ಭಾಗಕ್ಕೂ ದಿನದಲ್ಲಿ ಕೆಲವು ಗಂಟೆಗಳ ವಿರಾಮ ದೊರೆಯುತ್ತದೆ. ಇಂತಹ ಕ್ರಮಗಳು ತಾವಾಗಿ ಬರುವುದಿಲ್ಲ. ಸದ್ದು ಕೇಳಿದ ದಿನಾಂಕ, ವೇಳೆ, ಎಷ್ಟು ಬಾರಿ ಎಂಬುದನ್ನು ನೆರೆಹೊರೆಯವರೆಲ್ಲ ಸೇರಿ ಬರೆದಿಟ್ಟು, ಲಿಖಿತ ಮನವಿಯಾಗಿ ನಿಲ್ದಾಣದ ಆಡಳಿತಕ್ಕೂ ಜನಪ್ರತಿನಿಧಿಗಳಿಗೂ ಸಲ್ಲಿಸಬೇಕು. ಬರಿಯ ಸಿಟ್ಟಿಗಿಂತ ಅಂಥ ದಾಖಲೆಗೆ ಬೆಲೆ ಹೆಚ್ಚು.

ವಿಮಾನಯಾನ ಬೇಡವೆಂದು ಯಾರೂ ಹೇಳುತ್ತಿಲ್ಲ. ದೂರದ ಮಕ್ಕಳನ್ನು ಹೆತ್ತವರ ಬಳಿಗೆ ತರುವುದೂ, ಅಂಗಾಂಗ ಕಸಿಗೆ ಕಾದಿರುವ ರೋಗಿಗೆ ಹೃದಯವನ್ನು ತಲಪಿಸುವುದೂ ವಿಮಾನವೇ. ಆದರೆ ನಕ್ಷೆಯ ಮೇಲೆ ಎಳೆಯುವ ಒಂದು ಗೆರೆ ಸಾವಿರಾರು ಜನರ ರಾತ್ರಿಗಳನ್ನು ಬದಲಿಸುವುದಾದರೆ, ಗೆರೆ ಎಳೆಯುವ ಮುನ್ನ ಅವರನ್ನು ಕೇಳುವುದು ಕನಿಷ್ಠ ಧರ್ಮ. ಇಂಧನದ ಉಳಿತಾಯವನ್ನು ಲೆಕ್ಕ ಹಾಕುವವರು ಕೆಳಗಿನ ಮನೆಗಳ ನಿದ್ರೆಯನ್ನೂ ಅದೇ ಲೆಕ್ಕಕ್ಕೆ ಸೇರಿಸಬೇಕು.