ಆಕಾಶಗಂಗೆಯ ಛಾಯಾಗ್ರಾಹಕ

ವಿದ್ಯೆಯು ಗುರುಮುಖದಿಂದಲೇ ಬರತಕ್ಕದ್ದೆಂದು ಹಿರಿಯರು ಹೇಳುವರು. ಆದರೆ ಕೈಗೆ ಹತ್ತಿದ ಕಸುಬೇ ಗುರುವಾಗಿ ನಿಂತು ಮನುಷ್ಯನನ್ನು ಎಲ್ಲಿಗೋ ಕೊಂಡೊಯ್ಯುವುದೂ ಉಂಟು. ಶಾಲೆಯ ಪಾಠವನ್ನು ಎರಡು ತಿಂಗಳಷ್ಟೇ ಕಂಡು, ಮುಂದೆ ಆಕಾಶಗಂಗೆಯ ಚಿತ್ರಗಳನ್ನು ಲೋಕಕ್ಕೆ ಕೊಟ್ಟ ಎಡ್ವರ್ಡ್ ಎಮರ್ಸನ್ ಬಾರ್ನಾರ್ಡನ ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನ.

ಬಾರ್ನಾರ್ಡನು 1857ನೆಯ ಇಸವಿ ಡಿಸೆಂಬರ್ 16ರಂದು ಅಮೆರಿಕೆಯ ಟೆನೆಸೀ ಪ್ರಾಂತದ ನ್ಯಾಶ್‌ವಿಲ್ ಪಟ್ಟಣದಲ್ಲಿ ಹುಟ್ಟಿದನು. ಹುಟ್ಟುವುದಕ್ಕೆ ಮೊದಲೇ ತಂದೆಯು ತೀರಿಕೊಂಡಿದ್ದನು. ತಾಯಿಯು ಕಡುಬಡತನದಲ್ಲಿ ಇಬ್ಬರು ಗಂಡುಮಕ್ಕಳನ್ನು ಸಾಕಿದಳು. ಮಗನಿಗೆ ಓದು ಕಲಿಸಿದವಳೂ ಅವಳೇ. ಒಂಬತ್ತು ವರ್ಷ ತುಂಬುವುದರೊಳಗೆ ಹುಡುಗನು ಫೋಟೋ ತೆಗೆಯುವ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಲ್ಲಬೇಕಾಯಿತು.

ವಿದ್ಯುದ್ದೀಪಗಳಿಲ್ಲದ ಆ ಕಾಲದಲ್ಲಿ ಚಿಕ್ಕ ಚಿತ್ರವನ್ನು ದೊಡ್ಡದು ಮಾಡಬೇಕಾದರೆ ಬಿಸಿಲೇ ಬೇಕು. ಅದಕ್ಕಾಗಿ ಅಂಗಡಿಯ ಮಾಳಿಗೆಯ ಮೇಲೆ ಭಾರಿಯಾದ ಯಂತ್ರವೊಂದಿತ್ತು. ಅದನ್ನು ಎಲ್ಲರೂ ‘ಜುಪಿಟರ್’, ಎಂದರೆ ಗುರುಗ್ರಹ, ಎಂದು ಕರೆಯುತ್ತಿದ್ದರು. ಸೂರ್ಯನು ಸರಿದಂತೆಲ್ಲ ಆ ಯಂತ್ರವನ್ನು ಕೈಯಿಂದ ತಿರುಗಿಸುತ್ತಿರುವುದೇ ಹುಡುಗನ ಕೆಲಸ. ಹಿಂದೆ ಅದಕ್ಕೆ ನಿಂತ ಹುಡುಗರು ತೂಕಡಿಸಿಬಿಡುತ್ತಿದ್ದರಂತೆ. ಈತನು ತೂಕಡಿಸಲಿಲ್ಲ. ದಿನವೂ ನೋಡುತ್ತ ನೋಡುತ್ತ, ಸೂರ್ಯನು ಗಡಿಯಾರದ ಹನ್ನೆರಡಕ್ಕೆ ಸರಿಯಾಗಿ ಮಧ್ಯಾಹ್ನರೇಖೆಗೆ ಬರುವುದಿಲ್ಲ, ಕೆಲವು ತಿಂಗಳು ಮುಂದಾಗಿಯೂ ಕೆಲವು ತಿಂಗಳು ಹಿಂದಾಗಿಯೂ ಬರುವನೆಂಬುದನ್ನು ತಾನಾಗಿಯೇ ಕಂಡುಕೊಂಡನು. ಬೆಳಕನ್ನು ತಪ್ಪದೆ ಹಿಂಬಾಲಿಸುವ ತಾಳ್ಮೆಯು ಆತನಿಗೆ ಮೈಗೂಡಿದ್ದು ಆ ಮಾಳಿಗೆಯ ಮೇಲೆ.

1876ರಲ್ಲಿ ಆತನು 380 ಡಾಲರುಗಳನ್ನು ಕೊಟ್ಟು 5 ಅಂಗುಲದ ದೂರದರ್ಶಕವೊಂದನ್ನು ಕೊಂಡನು. ಆ ಮೊತ್ತವು ಆತನ ವರ್ಷದ ಸಂಬಳದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು! ಮರುವರ್ಷ ವಿದ್ವಾಂಸರ ಸಭೆಗಾಗಿ ಊರಿಗೆ ಬಂದಿದ್ದ ಪ್ರಖ್ಯಾತ ಖಗೋಲಜ್ಞ ಸೈಮನ್ ನ್ಯೂಕೂಂಬನನ್ನು ಕಂಡು, ಈ ಉಪಕರಣದಿಂದ ತಾನೇನು ಮಾಡಬಹುದೆಂದು ಕೇಳಿದನು. ಗಣಿತ ತಿಳಿಯದಿದ್ದರೆ ಹೆಚ್ಚೇನೂ ಸಾಧ್ಯವಿಲ್ಲವೆಂಬ ಅರ್ಥದ ಉತ್ತರ ಬಂದಿತು. ಯುವಕನು ಮರೆಯಲ್ಲಿ ನಿಂತು ಕಣ್ಣೀರಿಟ್ಟನೆಂದು ಹೇಳುವರು. ಆದರೆ ಅಷ್ಟಕ್ಕೇ ಬಿಡದೆ, ಹಗಲು ಅಂಗಡಿ, ಇರುಳು ಆಕಾಶ, ನಡುವೆ ಗಣಿತ, ಹೀಗೆ ದಿನಚರಿಯನ್ನು ಕಟ್ಟಿಕೊಂಡನು.

1881ರಲ್ಲಿ, ಅಂಗಡಿಯ ಚಿತ್ರಕಾರರ ಸೋದರಿಯಾದ ರೋಡಾ ಕ್ಯಾಲ್ವರ್ಟಳೊಡನೆ ಆತನ ವಿವಾಹವಾಯಿತು. ಆ ದಿನಗಳಲ್ಲಿ ವಾರ್ನರ್ ಎಂಬ ಔಷಧವ್ಯಾಪಾರಿಯು ಹೊಸ ಧೂಮಕೇತುವನ್ನು ಕಂಡವರಿಗೆ 200 ಡಾಲರುಗಳ ಬಹುಮಾನವನ್ನು ಸಾರಿದ್ದನು. ಬಾರ್ನಾರ್ಡನು ಸಾಲ ಮಾಡಿ ಪುಟ್ಟ ಮನೆಯೊಂದನ್ನು ಕಟ್ಟಿಸಿದನು. ಸಾಲದ ಕಂತು ಸಮೀಪಿಸಿದಾಗ ಹೊಸ ಧೂಮಕೇತುವೊಂದು ಒದಗಿ ಬರುತ್ತಿತ್ತು! ಅದಕ್ಕೆ ‘ಧೂಮಕೇತುಗಳ ಮನೆ’ ಎಂದೇ ಹೆಸರಾಯಿತು. ನಾವು ಧೂಮಕೇತುವನ್ನು ಅಪಶಕುನವೆನ್ನುತ್ತೇವೆ. ಆ ದಂಪತಿಗಳಿಗೆ ಅದೇ ಮನೆದೇವರಾಯಿತು. 1883ರಲ್ಲಿ ವ್ಯಾಂಡರ್ಬಿಲ್ಟ್ ವಿಶ್ವವಿದ್ಯಾಲಯವು ಆತನಿಗೆ ವಿದ್ಯಾರ್ಥಿವೇತನವನ್ನು ಕೊಟ್ಟಿತು. 1888ರಲ್ಲಿ ಕ್ಯಾಲಿಫೋರ್ನಿಯದ ಲಿಕ್ ವೀಕ್ಷಣಾಲಯವು ಕರೆಯಿತು.

ಅಲ್ಲಿ 36 ಅಂಗುಲದ ಮಹಾ ದೂರದರ್ಶಕವಿತ್ತು. ಅದರ ಮೂಲಕ 1892ರ ಸೆಪ್ಟೆಂಬರ್ 9ರಂದು ಗುರುಗ್ರಹದ ಐದನೆಯ ಚಂದ್ರನನ್ನು ಕಂಡು ಬಾರ್ನಾರ್ಡನು ಜಗತ್ಪ್ರಸಿದ್ಧನಾದನು. 1610ರಲ್ಲಿ ಗೆಲಿಲಿಯೋ ಕಂಡ ನಾಲ್ಕರ ತರುವಾಯ ಯಾರಿಗೂ ಕಾಣದಿದ್ದ ಚಂದ್ರನದು. ಆದರೆ ಆತನ ಹೃದಯ ನೆಟ್ಟಿದ್ದುದು ಬೇರೊಂದು ಉಪಕರಣದಲ್ಲಿ. ಅದು ಅಂಗಡಿಗಳಲ್ಲಿ ಮುಖಚಿತ್ರ ತೆಗೆಯುವುದಕ್ಕಾಗಿ ಮಾಡಿದ, ಸುಮಾರು 6 ಅಂಗುಲದ ಹಳೆಯ ಮಸೂರ. ಮಹಾ ದೂರದರ್ಶಕವು ಆಕಾಶದ ಒಂದು ಚುಕ್ಕೆಯಷ್ಟು ಜಾಗವನ್ನು ಹಿಗ್ಗಿಸಿ ತೋರಿಸುವುದು. ಈ ಮಸೂರವೋ ಆಕಾಶಗಂಗೆಯ ಅಗಲವಾದ ಹರವನ್ನೇ ಒಮ್ಮೆಗೆ ಹಿಡಿಯಬಲ್ಲುದು. ಮೇಲಾಗಿ, ನಮ್ಮ ಕಣ್ಣು ಎಷ್ಟು ಹೊತ್ತು ದಿಟ್ಟಿಸಿದರೂ ಮಸುಕಾದುದು ಮಸುಕಾಗಿಯೇ ಇರುವುದು. ಛಾಯಾಚಿತ್ರದ ಗಾಜಿನ ಫಲಕವು ಬೆಳಕನ್ನು ಹನಿಹನಿಯಾಗಿ ಕೂಡಿಟ್ಟು, ಕಣ್ಣಿಗೆ ಕಾಣದುದನ್ನೂ ಮೂಡಿಸುವುದು.

ಆದರೆ ಭೂಮಿಯು ತಿರುಗುತ್ತಿರುವುದರಿಂದ ನಕ್ಷತ್ರಗಳು ಸರಿಯುತ್ತವೆ. ಬಾರ್ನಾರ್ಡನು ಕ್ಯಾಮರಾವನ್ನು ಚಿಕ್ಕ ದೂರದರ್ಶಕವೊಂದಕ್ಕೆ ಬಿಗಿದು, ಅದರಲ್ಲಿ ಒಂದು ನಕ್ಷತ್ರವನ್ನು ಗುರಿಯಿಟ್ಟು, ಗಂಟೆಗಟ್ಟಲೆ ಕಣ್ಣು ತೆಗೆಯದೆ ಕುಳಿತಿರುತ್ತಿದ್ದನು. ಮಾಳಿಗೆಯ ಹುಡುಗನ ಕೆಲಸವೇ ಅದು. ಸೂರ್ಯನ ಬದಲಿಗೆ ನಕ್ಷತ್ರ, ಅಷ್ಟೇ. 1889ರಲ್ಲಿ ಆ ಮಸೂರದಿಂದ ಮೂಡಿದ ಚಿತ್ರಗಳಲ್ಲಿ ಆಕಾಶಗಂಗೆಯು ನಕ್ಷತ್ರಗಳ ಮೋಡಮೋಡವಾಗಿ ಕಾಣಿಸಿತು.

ಆ ಚಿತ್ರಗಳಲ್ಲಿಯೇ ಒಂದು ಒಗಟೂ ಕಾಣಿಸಿತು. ಬೆಳಕಿನ ನಡುನಡುವೆ ಕಪ್ಪು ಮಚ್ಚೆಗಳು, ಕಾಲುವೆಗಳು! ಇವು ನಕ್ಷತ್ರಗಳಿಲ್ಲದ ಬರಿಯ ರಂಧ್ರಗಳೇ, ಅಥವಾ ಬೆಳಕನ್ನು ತಡೆಯುವ ಪದಾರ್ಥವೇ? ರಂಧ್ರಗಳೆಂದೇ ಹಿಂದಿನವರು ಬಗೆದಿದ್ದರು. ಬಾರ್ನಾರ್ಡನೂ ಬಹುಕಾಲ ಹಾಗೆಯೇ ನಂಬಿದ್ದನು. 1895ರಲ್ಲಿ ಯರ್ಕ್ಸ್ ವೀಕ್ಷಣಾಲಯಕ್ಕೆ ಹೋದ ಬಳಿಕ, ಕ್ಯಾಥರೀನ್ ಬ್ರೂಸ್ ಎಂಬ ಮಹಿಳೆಯು ಕೊಟ್ಟ 7,000 ಡಾಲರುಗಳಿಂದ 10 ಅಂಗುಲದ ಛಾಯಾಚಿತ್ರಯಂತ್ರವು ಸಿದ್ಧವಾಯಿತು. 1905ರಲ್ಲಿ ಅದನ್ನು ಮೌಂಟ್ ವಿಲ್ಸನ್ ಬೆಟ್ಟಕ್ಕೆ ಸಾಗಿಸಿ ಅಲ್ಲಿಯೂ ಚಿತ್ರಗಳನ್ನು ತೆಗೆದನು. ಸಂದೇಹವು ಹೆಚ್ಚುತ್ತಲೇ ಬಂದಿತು. 1913ರ ಬೇಸಿಗೆಯಲ್ಲಿ, ಚಂದ್ರನಿಲ್ಲದ ಒಂದು ಇರುಳು, ಧನುಸ್ಸು ರಾಶಿಯ ಹೊಳಪಿನ ಮೇಲೆ ನಮ್ಮ ವಾಯುಮಂಡಲದ್ದೇ ಆದ ಪುಟ್ಟ ಪುಟ್ಟ ಮೋಡಗಳು ತೇಲಿ ಬಂದುವು. ಅವು ಮಸಿಯ ಹನಿಗಳಂತೆ ಕಪ್ಪಾಗಿ, ತನ್ನ ಫಲಕಗಳ ಮಚ್ಚೆಗಳನ್ನೇ ಹೋಲುತ್ತಿದ್ದುದನ್ನು ಕಂಡು ಆತನು ಬೆರಗಾದನು. 1919ರಲ್ಲಿ ಇಂತಹ 182 ಕಪ್ಪು ತಾಣಗಳ ಪಟ್ಟಿಯನ್ನು ಪ್ರಕಟಿಸಿ, ಅವುಗಳಲ್ಲಿ ಬಹಳಷ್ಟು ಬೆಳಕನ್ನು ಮರೆಮಾಡುವ ಪದಾರ್ಥವೇ ಇರಬೇಕೆಂದು ಅಭಿಪ್ರಾಯಪಟ್ಟನು.

ಆತನ ಚಿತ್ರಸಂಪುಟಕ್ಕೆ ಅಚ್ಚಿನ ಚಿತ್ರಗಳು ಒಗ್ಗಲಿಲ್ಲ. ನಿಜವಾದ ಫೋಟೋ ಪ್ರತಿಗಳನ್ನೇ ಮಾಡಿಸಿ, 35,700 ಪ್ರತಿಗಳನ್ನು ತಾನೇ ಒಂದೊಂದಾಗಿ ಪರೀಕ್ಷಿಸಿದನು. ಸಂಪುಟವನ್ನು ಕಾಣುವ ಭಾಗ್ಯವು ಮಾತ್ರ ಆತನಿಗೆ ದೊರೆಯಲಿಲ್ಲ. 1923ರ ಫೆಬ್ರವರಿ 6ರಂದು ಆತನು ತೀರಿಕೊಂಡನು. ಸಹೋದ್ಯೋಗಿ ಫ್ರಾಸ್ಟನೂ ಹೆಂಡತಿಯ ತಮ್ಮನ ಮನೆತನದ ಮೇರಿ ಕ್ಯಾಲ್ವರ್ಟಳೂ ಸೇರಿ 1927ರಲ್ಲಿ ಅದನ್ನು ಹೊರತಂದರು. ಆ ಕಪ್ಪು ತಾಣಗಳು ಧೂಳಿನಿಂದಲೂ ಶೀತಲವಾದ ಅನಿಲದಿಂದಲೂ ತುಂಬಿರುವುವೆಂದೂ, ಹೊಸ ನಕ್ಷತ್ರಗಳು ಹುಟ್ಟುವ ತೊಟ್ಟಿಲು ಅಂತಹ ಮೋಡಗಳೇ ಎಂದೂ ಈಗ ತಿಳಿದಿದೆ.

ಚೈತ್ರ ವೈಶಾಖಗಳ ಅಮಾವಾಸ್ಯೆಯ ಸುಮಾರಿನಲ್ಲಿ, ನಡುರಾತ್ರಿ ಕಳೆದ ಮೇಲೆ, ದೀಪಗಳ ಕಾಟವಿಲ್ಲದ ಹಳ್ಳಿಯಲ್ಲಿ ದಕ್ಷಿಣದ ಕಡೆ ನೋಡಿದರೆ ಕೆಂಪಗಿನ ಜ್ಯೇಷ್ಠಾ ನಕ್ಷತ್ರವೂ, ಅದರ ಎಡಕ್ಕೆ ಆಕಾಶಗಂಗೆಯನ್ನು ಸೀಳಿದಂತಿರುವ ಕಪ್ಪು ಪಟ್ಟೆಯೂ ಕಾಣುವುವು. ಮಕ್ಕಳನ್ನು ಎಬ್ಬಿಸಿ ತೋರಿಸಿರಿ. ಅಲ್ಲಿ ಏನೂ ಇಲ್ಲವೆಂದು ಅವರು ಹೇಳಿದರೆ, ಬಾರ್ನಾರ್ಡನ ಕಥೆಯನ್ನು ಹೇಳಿರಿ.