ಪತ್ರಕರ್ತರ ಗ್ಯಾಲರಿಯಿಂದ ಸಂಸತ್ತಿಗೆ: ಮಂಗಳೂರಿನ ಬಿ. ಶಿವರಾವ್

ಪತ್ರಿಕೋದ್ಯಮದ ಮಾತು ಬಂದರೆ ಮಂಗಳೂರಿಗರು ಹೆರ್ಮನ್ ಮೋಗ್ಲಿಂಗ್ ಹೆಸರು ಹೇಳಿ ಹೆಮ್ಮೆಪಡುತ್ತೇವೆ. 1843ರ ಜುಲೈ 1ರಂದು ಇಲ್ಲಿಂದ ಅವರ ‘ಮಂಗಳೂರು ಸಮಾಚಾರ’ ಹೊರಟಿತು ಎಂಬ ಕಾರಣಕ್ಕೇ ಆ ದಿನ ಕರ್ನಾಟಕದಲ್ಲಿ ಪತ್ರಿಕಾ ದಿನ. ಹೆಮ್ಮೆ ಸರಿಯೇ. ಆದರೆ ಇದೇ ಊರಿನಲ್ಲಿ ಹುಟ್ಟಿ, ಪತ್ರಿಕೆಯಲ್ಲೇ ಬದುಕು ಕಟ್ಟಿಕೊಂಡು, ಸಂವಿಧಾನ ಸಭೆಯಲ್ಲಿ ಕುಳಿತು, ಕಡೆಗೆ ಇದೇ ಜಿಲ್ಲೆಯ ಸಂಸದರೂ ಆದ ಒಬ್ಬರನ್ನು ನಾವು ನೆನೆಯುವುದು ಕಡಿಮೆ. ಅವರು ಬೆನಗಲ್ ಶಿವರಾವ್.

ಹುಟ್ಟಿದ್ದು 1891ರ ಫೆಬ್ರವರಿ 26ರಂದು. ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹೈಸ್ಕೂಲು ತೆರೆದದ್ದೂ ಅದೇ ವರ್ಷ. ತಂದೆ ಡಾ. ರಾಘವೇಂದ್ರ ರಾವ್ ವೈದ್ಯರು. ಅಣ್ಣ ಬೆನಗಲ್ ನರಸಿಂಗ ರಾವ್ ಆ ಕೆನರಾ ಹೈಸ್ಕೂಲಿನಲ್ಲೇ ಓದಿ, ಐಸಿಎಸ್ ಮುಗಿಸಿ, ಮುಂದೆ ಸಂವಿಧಾನ ಸಭೆಯ ಸಲಹೆಗಾರರಾದರು. ಇನ್ನೊಬ್ಬ ಅಣ್ಣ ಬೆನಗಲ್ ರಾಮರಾವ್ 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್. ಇಂಥ ಮನೆಯಲ್ಲಿ ಸರ್ಕಾರಿ ಹುದ್ದೆಯ ದಾರಿ ಸಲೀಸಾಗಿತ್ತು. ಶಿವರಾವ್ ಆ ಕಡೆ ಹೋಗಲಿಲ್ಲ. ಅವರು ಹೋದದ್ದು ಮದರಾಸಿಗೆ, ಆನಿ ಬೆಸೆಂಟರ ‘ನ್ಯೂ ಇಂಡಿಯಾ’ ಪತ್ರಿಕೆಗೆ.

ಆ ಪತ್ರಿಕೆಯ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. 1914ರಲ್ಲಿ ಬೆಸೆಂಟರು ‘ಮದ್ರಾಸ್ ಸ್ಟ್ಯಾಂಡರ್ಡ್’ ಪತ್ರಿಕೆಯನ್ನು ಕೊಂಡು, ಅದಕ್ಕೆ ಹೊಸ ಹೆಸರಿಟ್ಟು ಹೋಂ ರೂಲ್ ಚಳವಳಿಯ ದನಿಯನ್ನಾಗಿ ಮಾಡಿದರು. 1916ರಲ್ಲಿ ಸರ್ಕಾರ ಪತ್ರಿಕಾ ಕಾಯ್ದೆಯ ಪ್ರಕಾರ ಎರಡು ಸಾವಿರ ರೂಪಾಯಿ ಠೇವಣಿ ಕೇಳಿತು, ಕಟ್ಟಿಸಿಕೊಂಡು ಮುಟ್ಟುಗೋಲು ಹಾಕಿತು, ಆಮೇಲೆ ಹತ್ತು ಸಾವಿರ ಕೇಳಿತು. ಮರುವರ್ಷ ಬೆಸೆಂಟರನ್ನೂ ಅವರ ಸಂಗಡಿಗರಾದ ಅರುಂಡೇಲ್ ಮತ್ತು ಬಿ. ಪಿ. ವಾಡಿಯಾರನ್ನೂ ಬಂಧನದಲ್ಲಿಟ್ಟಿತು. ಶಿವರಾವ್ ಪತ್ರಿಕೆಯ ಕೆಲಸ ಕಲಿತದ್ದು ಇಂಥ ಗರಡಿಯಲ್ಲಿ. ಬೆಸೆಂಟರ ಪ್ರಭಾವ ಮಂಗಳೂರಿನ ಮೇಲೂ ಇತ್ತು. ಕೊಡಿಯಾಲಬೈಲಿನ ಬೆಸೆಂಟ್ ಶಾಲೆ 1918ರಲ್ಲಿ ಹುಟ್ಟಿದ್ದು ಅದೇ ಗಾಳಿಯಲ್ಲಿ.

ಅದೇ 1918ರ ಏಪ್ರಿಲ್‌ನಲ್ಲಿ ಮದರಾಸಿನ ಬಕಿಂಗ್‌ಹ್ಯಾಂ ಮತ್ತು ಕರ್ನಾಟಕ್ ಮಿಲ್ಲುಗಳ ಕೆಲಸಗಾರರಿಗಾಗಿ ವಾಡಿಯಾ ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರು. ದೇಶದ ಮೊದಲ ಸಂಘಟಿತ ಕಾರ್ಮಿಕ ಸಂಘಗಳಲ್ಲಿ ಅದೊಂದು. ಕೆಲಸಗಾರರ ದೂರುಗಳಲ್ಲಿ ಒಂದು ತೀರಾ ಸರಳವಾದದ್ದು: ಮಧ್ಯಾಹ್ನದ ಬಿಡುವು ಬರೀ ಅರ್ಧ ಗಂಟೆ, ಕೈತೊಳೆದು ಉಂಡು ಮಗ್ಗಕ್ಕೆ ವಾಪಸಾಗಲು ಸಮಯ ಸಾಲುವುದಿಲ್ಲ. ಹೋಂ ರೂಲ್ ಎಂಬ ದೊಡ್ಡ ಮಾತು ಆಡುತ್ತಿದ್ದವರು ಈ ಸಣ್ಣ ಮಾತನ್ನು ಕಿವಿಗೊಟ್ಟು ಕೇಳಿದರು. ಶಿವರಾವ್ ಈ ಕಾರ್ಮಿಕ ಚಳವಳಿಯಲ್ಲಿ ಬೆಳೆದರು, ಎನ್. ಎಂ. ಜೋಶಿ, ವಿ. ವಿ. ಗಿರಿಯವರ ಜೊತೆ ಅದರ ಮುಂಚೂಣಿಯಲ್ಲಿ ನಿಂತರು. 1939ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವರ ‘ದಿ ಇಂಡಸ್ಟ್ರಿಯಲ್ ವರ್ಕರ್ ಇನ್ ಇಂಡಿಯಾ’ ಈ ದುಡಿಮೆಯ ಫಲ.

1930ರ ನವೆಂಬರ್‌ನಲ್ಲಿ ಲಂಡನ್ನಿನಲ್ಲಿ ಮೊದಲ ದುಂಡುಮೇಜಿನ ಪರಿಷತ್ತು ಸೇರಿತು. ಕಾಂಗ್ರೆಸ್ ಹೋಗಲಿಲ್ಲ. ಕಾರ್ಮಿಕರ ಪರವಾಗಿ ಹೋದವರು ಇಬ್ಬರೇ: ಜೋಶಿ ಮತ್ತು ಶಿವರಾವ್. ರಾಜರು, ಜಮೀನ್ದಾರರು, ನೈಟ್ ಪದವೀಧರರು ತುಂಬಿದ್ದ ಆ ಸಭೆಯಲ್ಲಿ ಮತ ಯಾರಿಗೆ ಇರಬೇಕು ಎಂಬ ಚರ್ಚೆ ಬಂತು. ಆಸ್ತಿ, ಕಂದಾಯ, ಓದಿನ ಲೆಕ್ಕ ನೋಡಿ ಮತ ಕೊಡುತ್ತಿದ್ದ ಕಾಲ ಅದು. ವಯಸ್ಸಿಗೆ ಬಂದ ಎಲ್ಲರಿಗೂ ಮತ ಕೊಡಿ ಎಂದು ಈ ಇಬ್ಬರು ಕಾರ್ಮಿಕ ಪ್ರತಿನಿಧಿಗಳು ವಾದಿಸಿದರು. ಡಾ. ಅಂಬೇಡ್ಕರ್ ನಿಲುವೂ ಅದೇ. ಅಂದು ಬಹುಮತ ಅದನ್ನು ಒಪ್ಪಲಿಲ್ಲ.

ಇಪ್ಪತ್ತೆರಡು ವರ್ಷಗಳ ಮೇಲೆ, ವಯಸ್ಕ ಮತದಾನದ ಮೊದಲ ಮಹಾಚುನಾವಣೆಯಲ್ಲಿ, ದಕ್ಷಿಣ ಕನ್ನಡ ದಕ್ಷಿಣ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದವರು ಇದೇ ಶಿವರಾವ್. ಹಂಚಿನ ಕಾರ್ಖಾನೆಯ ಆಳು, ಬೀಡಿ ಕಟ್ಟುವ ಹೆಂಗಸು, ಗೇಣಿ ಗದ್ದೆಯ ಒಕ್ಕಲು, ಯಾರಿಗಾಗಿ ಅವರು ಲಂಡನ್ನಿನಲ್ಲಿ ಮತ ಕೇಳಿದ್ದರೋ ಅಂಥವರೇ ಸಾಲಿನಲ್ಲಿ ನಿಂತು ಮತ ಹಾಕಿದ ಚುನಾವಣೆ ಅದು. ಒಬ್ಬ ಶಾಸಕನಿಗೆ ಇದಕ್ಕಿಂತ ಸಾರ್ಥಕವಾದ ಗೆಲುವು ಇರಲಾರದು.

ಈ ನಡುವಿನ ವರ್ಷಗಳಲ್ಲಿ ಅವರು ದೆಹಲಿಯಲ್ಲಿ ‘ದಿ ಹಿಂದೂ’ ಮತ್ತು ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಗಳ ಬಾತ್ಮೀದಾರರು. ಬರೀ ಸುದ್ದಿ ಕಳಿಸುವವರಾಗಿ ಉಳಿಯಲಿಲ್ಲ. ತೇಜ ಬಹಾದ್ದೂರ್ ಸಪ್ರು ಅವರಂಥ ಸಂಧಾನಕಾರರ ಜೊತೆ ನಿರಂತರ ಪತ್ರವ್ಯವಹಾರ, ಕಾಂಗ್ರೆಸ್ ನಾಯಕರ ಮನೆಗಳಿಗೂ ಸರ್ಕಾರದ ಕಚೇರಿಗಳಿಗೂ ಓಡಾಟ ಇಟ್ಟುಕೊಂಡಿದ್ದರು. ವರದಿಗಾರ ಹೀಗೆ ಕಣಕ್ಕೆ ಇಳಿಯಬಹುದೇ ಎಂದು ಇಂದಿನ ಪತ್ರಿಕೋದ್ಯಮದ ವಿದ್ಯಾರ್ಥಿ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಎರಡೂ ಕಡೆಯವರು ತಮ್ಮ ಮೇಲಿಟ್ಟ ನಂಬಿಕೆಯನ್ನು ಶಿವರಾವ್ ಸ್ವಂತ ಲಾಭಕ್ಕೆ ಬಳಸಲಿಲ್ಲ, ಅದರಿಂದ ತಿಳಿದದ್ದನ್ನು ದಾಖಲೆಯಾಗಿ ನಮಗೆ ಬಿಟ್ಟುಹೋದರು ಎಂಬುದು ನನ್ನ ಅಭಿಪ್ರಾಯ.

ಅವರು ಮದರಾಸ್ ಪ್ರಾಂತದಿಂದ ಸಂವಿಧಾನ ಸಭೆಯ ಸದಸ್ಯರಾದರು. ಅಣ್ಣ ನರಸಿಂಗ ರಾವ್ ಸಿದ್ಧಪಡಿಸಿದ ಮೊದಲ ಕರಡು 240 ಕಲಮುಗಳದ್ದು. ಅದು ಕರಡು ಸಮಿತಿಯ ಕೈ ದಾಟಿ, ಸಭೆಯ ಚರ್ಚೆ ಮುಗಿದಾಗ 395 ವಿಧಿಗಳಾಗಿತ್ತು. ಆ ನಡುವೆ ನಡೆದದ್ದನ್ನೆಲ್ಲ ಕಾಗದದಲ್ಲಿ ಉಳಿಸಬೇಕೆಂಬ ಹಟ ತಮ್ಮನದು. ಅಣ್ಣ 1953ರಲ್ಲಿ ತೀರಿಕೊಂಡ ಮೇಲೆ ಅವರ ಟಿಪ್ಪಣಿಗಳನ್ನು ಕಲೆಹಾಕಿ 1960ರಲ್ಲಿ ‘ಇಂಡಿಯಾಸ್ ಕಾನ್‌ಸ್ಟಿಟ್ಯೂಷನ್ ಇನ್ ದಿ ಮೇಕಿಂಗ್’ ಸಂಪಾದಿಸಿದರು. ಆಮೇಲೆ 1966ರಿಂದ 1968ರವರೆಗೆ ‘ದಿ ಫ್ರೇಮಿಂಗ್ ಆಫ್ ಇಂಡಿಯಾಸ್ ಕಾನ್‌ಸ್ಟಿಟ್ಯೂಷನ್’ ಬಂತು. ನಾಲ್ಕು ಸಂಪುಟ ದಾಖಲೆ, ಒಂದು ಸಂಪುಟ ಅಧ್ಯಯನ.

ಎರಡನೆಯ ಸಂಪುಟದಲ್ಲಿ ಮೂಲಭೂತ ಹಕ್ಕುಗಳ ಉಪಸಮಿತಿಯ ಕಾಗದಪತ್ರಗಳಿವೆ. ಅಲ್ಲಿ 1947ರ ಮಾರ್ಚ್ ಕೊನೆಯಲ್ಲಿ ಉಪಸಮಿತಿಯ ಸದಸ್ಯೆ ರಾಜಕುಮಾರಿ ಅಮೃತ ಕೌರ್ ನರಸಿಂಗ ರಾವ್ ಅವರಿಗೆ ಬರೆದ ಒಂದು ಕಾಗದ ಸಿಗುತ್ತದೆ. ಧರ್ಮದ ಆಚರಣೆಗೆ ಕಟ್ಟಿಲ್ಲದ ಸ್ವಾತಂತ್ರ್ಯ ಕೊಟ್ಟರೆ ದೇವದಾಸಿ ಪದ್ಧತಿ, ಪರದಾ, ಸತಿಯಂಥವುಗಳಿಗೂ ರಕ್ಷಣೆ ಸಿಕ್ಕೀತು, ಈವರೆಗೆ ಆದ ಸುಧಾರಣೆಯ ಕಾಯ್ದೆಗಳೇ ಬಿದ್ದುಹೋದಾವು ಎಂಬುದು ಅವರ ಆತಂಕ. ಮುಂದೆ 25ನೇ ವಿಧಿಯಲ್ಲಿ ಸಮಾಜ ಸುಧಾರಣೆಗೂ, ಹಿಂದೂ ದೇವಾಲಯಗಳನ್ನು ಎಲ್ಲ ವರ್ಗದವರಿಗೆ ತೆರೆಯುವುದಕ್ಕೂ ಅವಕಾಶ ಬರೆಯಲಾಯಿತು. ಅದೇ ವಿಧಿಯನ್ನು ಸುಪ್ರೀಂ ಕೋರ್ಟು 1957ರಲ್ಲಿ ಒರೆಗೆ ಹಚ್ಚಿದ್ದು ನಮ್ಮ ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಮೊಕದ್ದಮೆಯಲ್ಲಿ. ಕೆಲವು ವಿಶೇಷ ಸೇವೆಗಳ ಸಮಯ ಬಿಟ್ಟು ಉಳಿದಂತೆ ಗುಡಿ ಎಲ್ಲರಿಗೂ ತೆರೆದಿರಬೇಕೆಂದು ತೀರ್ಪಾಯಿತು. ದೆಹಲಿಯ ಉಪಸಮಿತಿಯ ಕಾಗದದಿಂದ ಮೂಲ್ಕಿಯ ಗುಡಿಯ ಬಾಗಿಲವರೆಗಿನ ಈ ದಾರಿಯ ಮೊದಲ ಭಾಗ ಇಂದು ಸಲೀಸಾಗಿ ಓದಲು ಸಿಗುವುದು ಶಿವರಾವ್ ಅವರ ಶ್ರಮದಿಂದ.

ಸಂಸದರಾಗಿದ್ದ ಅವಧಿಯಲ್ಲೇ, 1956ರ ನವೆಂಬರ್ 1ರಂದು, ದಕ್ಷಿಣ ಕನ್ನಡ ಮದರಾಸನ್ನು ಬಿಟ್ಟು ಮೈಸೂರು ರಾಜ್ಯ ಸೇರಿತು. ಕಾಸರಗೋಡು ಕೇರಳಕ್ಕೆ ಹೋಯಿತು. 1957ರಿಂದ ಕೆಲವು ವರ್ಷ ಅವರು ರಾಜ್ಯಸಭೆಯಲ್ಲಿದ್ದರು. ಪತ್ನಿ ಕಿಟ್ಟಿ ವಿಯೆನ್ನಾದವರು; ಅಖಿಲ ಭಾರತ ಮಹಿಳಾ ಪರಿಷತ್ತಿನಲ್ಲಿ ದುಡಿದವರು. ದೆಹಲಿಗೆ ಬಂದಾಗ ಜೆ. ಕೃಷ್ಣಮೂರ್ತಿ ಈ ದಂಪತಿಯ ಮನೆಯಲ್ಲಿ ಇಳಿದುಕೊಳ್ಳುತ್ತಿದ್ದರು. ಶಿವರಾವ್ ತೀರಿಕೊಂಡದ್ದು 1975ರಲ್ಲಿ.

ಸಂವಿಧಾನದ ಹೆಸರಿನಲ್ಲಿ ಇಂದು ಊರೂರಲ್ಲಿ ಭಾಷಣಗಳಾಗುತ್ತವೆ, ಪೀಠಿಕೆಯನ್ನು ಒಟ್ಟಾಗಿ ಓದುತ್ತೇವೆ. ಅದರ ಜೊತೆಗೆ ಈ ಐದು ಸಂಪುಟಗಳೂ ಮಂಗಳೂರಿನ ಪ್ರತಿ ಕಾನೂನು ಕಾಲೇಜಿನ, ಸಾರ್ವಜನಿಕ ಗ್ರಂಥಾಲಯದ ಕಪಾಟಿನಲ್ಲಿ ಕೈಗೆಟುಕುವಂತೆ ಇರಬೇಕು. ಮೂಲಭೂತ ಹಕ್ಕುಗಳ ಸಂಪುಟದ ಆಯ್ದ ಭಾಗವನ್ನಾದರೂ ಕನ್ನಡದಲ್ಲಿ ತರುವ ಕೆಲಸವನ್ನು ಇಲ್ಲಿನ ವಿಶ್ವವಿದ್ಯಾಲಯವೋ ಪ್ರಕಾಶಕರೋ ಕೈಗೆತ್ತಿಕೊಳ್ಳಲಿ. ಓದುಗರು ಅಷ್ಟರವರೆಗೆ ಕಾಯಬೇಕಾಗಿಲ್ಲ; ಗ್ರಂಥಾಲಯಕ್ಕೆ ಹೋದಾಗ ಎರಡನೆಯ ಸಂಪುಟವನ್ನು ಕೇಳಿ ತೆಗೆಸಿ ನೋಡಿ.